ಎರಡು ತಕ್ಕಡಿಯ ನ್ಯಾಯ

ಪಾನವು ಪಾಪವೆಂದು ಒಬ್ಬರು, ಅದು ಅವರವರ ಇಚ್ಛೆಯ ಮಾತೆಂದು ಮತ್ತೊಬ್ಬರು ವಾದಿಸುವರು. ಇಬ್ಬರನ್ನೂ ನಾವು ಕೇಳುವುದೊಂದೇ: ನಿಮ್ಮ ತಕ್ಕಡಿಯು ಎಲ್ಲರಿಗೂ ಒಂದೆಯೇ? ಕೂಲಿಕಾರನು ಕುಡಿದರೆ ಕುಡುಕನು. ಸಿರಿವಂತನು ಕುಡಿದರೆ ರಸಿಕನು!

ಪಾನನಿರೋಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿಯು 1950ರಿಂದಲೂ ಸಾರುತ್ತಲಿದೆ. ಅದರಲ್ಲಿ ಬಡವ-ಬಲ್ಲಿದರೆಂಬ ಭೇದವಿಲ್ಲ. ಆದರೆ ಕರ್ನಾಟಕ ಸರಕಾರವು 2007ನೆಯ ಜುಲೈ 1ರಿಂದ ಬಡವನ ಸಾರಾಯಿಯನ್ನು ನಿಷೇಧಿಸಿ, ವಿದೇಶೀ ಮಾದರಿಯ ಮದ್ಯದ ಅಬಕಾರಿ ಹಣದಿಂದ ಬೊಕ್ಕಸವನ್ನು ತುಂಬಿಕೊಂಡಿತು. ಸಾರಾಯಿಯು ಹೋಯಿತು, ಕುಡಿತವು ಹೋಗಲಿಲ್ಲ. ಇದಾವ ನೀತಿ?

ಕುಡಿಯದ ಮಹನೀಯರೇ, ಬಡವನನ್ನು ಹಳಿಯುವ ಮೊದಲು ಬಲ್ಲಿದನ ಪಾನಗೋಷ್ಠಿಯಿಂದ ಎದ್ದು ಬನ್ನಿರಿ. ಕುಡಿಯುವ ಮಹನೀಯರೇ, ಇದು ನಮ್ಮ ಇಚ್ಛೆಯೆನ್ನುವ ಮೊದಲು ಒಲೆಯ ಮುಂದೆ ಕುಳಿತು ದಾರಿ ಕಾಯುವವಳ ಇಚ್ಛೆಯನ್ನೂ ಕೇಳಿರಿ. ತಕ್ಕಡಿಯು ಒಂದಾಗದೆ ನ್ಯಾಯವಿಲ್ಲ.