ಊರು ಬಿಟ್ಟ ಶಬ್ದಗಳು

ಬಾದಾಮಿಯ ಗುಹಾಲಯಗಳನ್ನು ನೋಡಲು ಪರದೇಶಗಳಿಂದ ಬರುವ ಪ್ರವಾಸಿಗರಲ್ಲಿ ಕೆಲವರಿಗೆ ಬಂದ ದಿನವೇ ಒಂದು ತೊಡಕು ಎದುರಾಗುವುದುಂಟು. ಬಸ್ ನಿಲ್ದಾಣದಿಂದ ಹೊರಬಿದ್ದವರು ಹೆಗಲ ಮೇಲೆ ಚೀಲ ಹೊತ್ತು, 'ಹೋಟೆಲ್' ಎಂಬ ಫಲಕವಿರುವ ಬಾಗಿಲನ್ನು ಹೊಗುತ್ತಾರೆ. ಒಂದು ಕೋಣೆ ಬೇಕೆನ್ನುತ್ತಾರೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತವನು ಇಡ್ಲಿ ಇದೆ, ಪೂರಿ ಇದೆ ಎನ್ನುತ್ತಾನೆ. ಇಬ್ಬರ ಬಾಯಲ್ಲಿರುವುದೂ ಒಂದೇ ಶಬ್ದ. ಆದರೆ ಒಬ್ಬನ ಕಣ್ಣ ಮುಂದಿರುವುದು ಹಾಸಿಗೆ, ಇನ್ನೊಬ್ಬನ ಕಣ್ಣ ಮುಂದಿರುವುದು ತಟ್ಟೆ.

ಇವರಲ್ಲಿ ತಪ್ಪು ಯಾರದು? ಇಂಗ್ಲಿಷ್ ಬಲ್ಲೆನೆಂಬ ಬಿಂಕವುಳ್ಳವರು ಕೂಡಲೇ ಅಂಗಡಿಯವನನ್ನು ನೋಡಿ ನಗುತ್ತಾರೆ. ಆ ನಗೆ ಸಲ್ಲದು. 'ಹೋಟೆಲ್' ಹುಟ್ಟಾ ಇಂಗ್ಲಿಷ್ ಶಬ್ದವೇ ಅಲ್ಲ. ಅದು ಫ್ರೆಂಚರಿಂದ ಬಂದುದು. ಫ್ರಾನ್ಸಿನಲ್ಲಿ ಶ್ರೀಮಂತರ ದೊಡ್ಡ ಮನೆಗೂ ಆ ಹೆಸರಿತ್ತು. ಅಲ್ಲಿಯ ನಗರಸಭೆಯ ಕಟ್ಟಡಕ್ಕೆ ಇಂದಿಗೂ ಆ ಹೆಸರೇ ಇದೆ. ಅದಕ್ಕೂ ಹಿಂದೆ ಹೋದರೆ ಅತಿಥಿಗಳ ತಂಗುಮನೆ ಎಂಬ ಅರ್ಥದ ಒಂದು ಲ್ಯಾಟಿನ್ ಮಾತು ಸಿಕ್ಕುತ್ತದೆ. ಅದೇ ತಾಯಿಯ ಇನ್ನೊಂದು ಮಗು 'ಹಾಸ್ಪಿಟಲ್'. ಇಂಗ್ಲಿಷರು ಆ ಶಬ್ದವನ್ನು ತಂದು ವಸತಿಗೃಹಕ್ಕೆ ಇಟ್ಟುಕೊಂಡರು. ನಮ್ಮ ನಾಡಿನವರು ಉಪಾಹಾರದ ಮನೆಗೆ ಇಟ್ಟುಕೊಂಡರು. ಒಬ್ಬರಿಗೆ ಇದ್ದ ಹಕ್ಕು ಇನ್ನೊಬ್ಬರಿಗೆ ಇಲ್ಲವೆನ್ನುವುದು ಹೇಗೆ?

ಬಾಗಲಕೋಟೆಯ ಸೀಮೆಯ ಹಳ್ಳಿಗಳಲ್ಲಿ ವಿದ್ಯುತ್ತು ಬರುವ ಮುನ್ನ ಮನೆಮನೆಯಲ್ಲಿ 'ಚಿಮಣಿ' ಉರಿಯುತ್ತಿತ್ತು. ಬತ್ತಿಯ ಪುಟ್ಟ ದೀಪಕ್ಕೆ ಆ ಹೆಸರು. ಅದಕ್ಕೆ ಹಾಕುವ ಸೀಮೆಎಣ್ಣೆ 'ಚಿಮಣಿ ಎಣ್ಣೆ'. ಇದು ಅಚ್ಚ ಕನ್ನಡದ ಮಾತೆಂದೇ ಹಿರಿಯರು ತಿಳಿದಿದ್ದರು. ಆದರೆ ಇದರ ಪಯಣ ಬಲು ದೂರದ್ದು. ಯುರೋಪಿನಲ್ಲಿ ಮೊದಲು ಇದು ಕುಲುಮೆ ಅಥವಾ ಒಲೆ ಎಂಬ ಅರ್ಥವುಳ್ಳ ಶಬ್ದದಿಂದ ಹುಟ್ಟಿ, ಬೆಂಕಿಗೂಡು ಎಂಬ ಅರ್ಥದಲ್ಲಿ ಇಂಗ್ಲಿಷಿಗೆ ಬಂದಿತು. ಬಳಿಕ ಆ ಗೂಡಿನ ಹೊಗೆಕೊಳವೆಗೆ ಹೆಸರಾಯಿತು. ದೀಪದ ಉರಿಯ ಸುತ್ತ ಇಡುವ ಗಾಜಿನ ಕೊಳವೆಗೂ ಅದೇ ಹೆಸರು ಅಂಟಿತು. ಹಳ್ಳಿಗೆ ಬರುವ ವೇಳೆಗೆ ಗಾಜೂ ಹೋಯಿತು. ಕೊಳವೆಯಿಲ್ಲದ ದೀಪವೇ ಚಿಮಣಿ ಎನಿಸಿತು. ಅದರ ಜೊತೆಗೆ ಸೇರಿದ 'ಎಣ್ಣೆ'ಯಾದರೂ ನಿಂತಲ್ಲಿ ನಿಂತಿದೆಯೆ? ಎಳ್ಳು ಮತ್ತು ನೆಯ್ ಎಂಬೆರಡು ಮಾತು ಕೂಡಿ ಆದುದು ಅದು; ಎಳ್ಳಿನಿಂದ ತೆಗೆದುದು ಮಾತ್ರ ಎಣ್ಣೆ. ಇಂದು ಕುಸುಬೆಯದೂ ಎಣ್ಣೆ, ಶೇಂಗಾದ್ದೂ ಎಣ್ಣೆ, ನೆಲದಾಳದಿಂದ ಬಂದುದೂ ಎಣ್ಣೆ. ಹೀಗೆ ಊರು ಬಿಟ್ಟ ಎರಡು ಶಬ್ದಗಳು ಬಾದಾಮಿಯ ಹಳ್ಳಿಯ ಒಂದು ಗೂಡಿನಲ್ಲಿ ಸಂಧಿಸಿ ನೂರಾರು ಮಕ್ಕಳ ಓದಿಗೆ ಬೆಳಕಾದವು.

ಅರ್ಥ ಬದಲಾಗುವುದು ಶಬ್ದದ ರೋಗವಲ್ಲ, ಅದರ ಬಾಳುವೆ. ಇಂಗ್ಲಿಷಿನ 'ನೈಸ್' ಎಂಬುದು ಮೊದಲು 'ಏನೂ ಅರಿಯದ, ದಡ್ಡ' ಎಂಬ ಅರ್ಥದ ಬೈಗುಳಾಗಿತ್ತು. ಅನಂತರ ಅದು 'ಅತಿ ನಾಜೂಕಿನ' ಎಂದಾಯಿತು. ಹಾಗೆಯೇ 'ಸೂಕ್ಷ್ಮವಾದ' ಎಂದಾಗಿ, ಕೊನೆಗೆ 'ಚೆನ್ನಾದ' ಎಂಬಲ್ಲಿಗೆ ಬಂದಿತು. 'ನೈಸ್ ಡಿಸ್ಟಿಂಕ್ಷನ್' ಎಂಬುದನ್ನು ಓದಿ 'ಚೆಂದದ ಭೇದ' ಎಂದು ಬರೆಯುವ ವಿದ್ಯಾರ್ಥಿ ಎಡವುವುದು ಇಲ್ಲಿಯೇ. ಅದು 'ಸೂಕ್ಷ್ಮವಾದ ಭೇದ'. 'ಸಿಲ್ಲಿ'ಯ ಕಥೆ ಇದಕ್ಕೆ ತಿರುಗುಮುರುಗು. ಒಂದು ಕಾಲಕ್ಕೆ ಅದು 'ಧನ್ಯ' ಎಂಬರ್ಥದ ಮಾತು. ಧನ್ಯನು ನಿಷ್ಪಾಪಿಯಾದನು, ನಿಷ್ಪಾಪಿಯು ಪಾಪದವನಾದನು, ಪಾಪದವನು ಪೆದ್ದನಾದನು. ಸಂಸ್ಕೃತದ 'ಮುಗ್ಧ'ವಾದರೋ ದಿಗ್ಭ್ರಮೆಗೊಂಡವನು, ಮೂಢ ಎಂಬ ಅರ್ಥದಿಂದ ಹೊರಟು ಕನ್ನಡದಲ್ಲಿ ಕಪಟವರಿಯದವನಾಗಿ ನೆಲೆಸಿದೆ. ಒಂದು ಇಳಿದ ಮೆಟ್ಟಿಲನ್ನು ಇನ್ನೊಂದು ಏರಿದೆ.

ಬಾದಾಮಿಯ ಬಂಡೆಯೂ ಈ ಮಾತಿಗೆ ಸಾಕ್ಷಿಯಾಗಿದೆ. ಸುಮಾರು ಕ್ರಿ.ಶ. 700ರ ಕಪ್ಪೆ ಅರಭಟ್ಟನ ಶಾಸನದಲ್ಲಿ 'ಸಾಧು' ಎಂಬ ಶಬ್ದ ಬರುತ್ತದೆ. ಅಲ್ಲಿ ಅದಕ್ಕೆ ಒಳ್ಳೆಯವನು ಎಂದರ್ಥ. ಇಂದು ಆ ಶಬ್ದ ಕೇಳಿದವನಿಗೆ ಕಾವಿಯುಟ್ಟ ಸಂನ್ಯಾಸಿ ನೆನಪಾಗುತ್ತಾನೆ; ರೈತನಿಗಾದರೆ ಹಾಯದ ಎತ್ತು. ಇಂದಿನ ಅರ್ಥವನ್ನು ಹಿಡಿದುಕೊಂಡು ಬಂಡೆಯ ಮುಂದೆ ನಿಂತವನು ಅರಭಟ್ಟನನ್ನು ಸಂನ್ಯಾಸಿಗಳ ಪರಿವಾರದಲ್ಲಿ ಕೂರಿಸಿಬಿಟ್ಟಾನು.

'ಮೀಟ್' ಎಂದರೆ ಮಾಂಸವೆಂದು ಮಕ್ಕಳೆಲ್ಲ ಬಲ್ಲರು. ಹಳೆಯ ಇಂಗ್ಲಿಷಿನಲ್ಲಿ ಅದು ಯಾವುದೇ ಆಹಾರ. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಹಿಟ್ಟು ಎಣ್ಣೆಗಳ ನೈವೇದ್ಯವನ್ನು 'ಮೀಟ್ ಆಫರಿಂಗ್' ಎಂದೇ ಕರೆದಿದೆ. ಓದುಗರು ತಪ್ಪು ತಿಳಿಯುವಂತಾದುದರಿಂದ 1885ರ ಪರಿಷ್ಕರಣದಲ್ಲಿ ಆ ಮಾತನ್ನು ಬದಲಾಯಿಸಬೇಕಾಯಿತು. 'ಸ್ವೀಟ್‌ಮೀಟ್' ಎಂಬುದನ್ನು ಕಂಡು ಹೌಹಾರುವ ಶಾಕಾಹಾರಿ ವಿದ್ಯಾರ್ಥಿ ನಿಶ್ಚಿಂತನಾಗಿರಬಹುದು, ಅದು ಬರಿಯ ಮಿಠಾಯಿ. 'ಡಿಯರ್' ಎಂಬುದೂ ಹೀಗೆಯೇ. ಇಂದು ಅದು ಜಿಂಕೆ. ಮೊದಲು ಯಾವ ಪ್ರಾಣಿಯಾದರೂ ಸರಿ. ಷೇಕ್ಸ್‌ಪಿಯರನ 'ಕಿಂಗ್ ಲಿಯರ್' ನಾಟಕದಲ್ಲಿ ಇಲಿ ಹೆಗ್ಗಣಗಳೂ ಆ ಹೆಸರನ್ನು ಪಡೆದಿವೆ. ಸಂಸ್ಕೃತದ 'ಮೃಗ'ವೂ ಕಾಡುಪ್ರಾಣಿ ಎಂಬ ಅರ್ಥದಿಂದ ಜಿಂಕೆಯತ್ತ ಸರಿದಿದೆ. ಕನ್ನಡವು ಹಳೆಯ ಅರ್ಥವನ್ನೇ ಉಳಿಸಿಕೊಂಡಿತು. ಆದುದರಿಂದಲೇ ಮೃಗಾಲಯದಲ್ಲಿ ಹುಲಿಗೂ ಜಾಗವಿದೆ.

ಹೀಗೆ ಇಂಗ್ಲಿಷಿನಿಂದ ಇತ್ತ ಬಂದ ಶಬ್ದ ಎಡವಿಸುವಂತೆ, ಇಲ್ಲಿಂದ ಇಂಗ್ಲಿಷಿಗೆ ಹೋದ ಶಬ್ದವೂ ಎಡವಿಸುತ್ತದೆ. ಬಾದಾಮಿಯಿಂದ ಪಟ್ಟದಕಲ್ಲನ್ನು ದಾಟಿ ಮುಂದೆ ಹೋದರೆ ಹುನಗುಂದ ಸೀಮೆಯ ಐಹೊಳೆ. ಅಲ್ಲಿ ಗಜಪೃಷ್ಠದಾಕಾರದ ಒಂದು ಸುಂದರವಾದ ಗುಡಿಯಿದೆ. ಊರಿನವರ ಬಾಯಲ್ಲಿ ಅದು 'ದುರ್ಗದ ಗುಡಿ'. ದುರ್ಗವೆಂದರೆ ಕೋಟೆ, ಕೋಟೆಯ ಬಳಿಯಿದ್ದ ಗುಡಿಯಾದುದರಿಂದ ಆ ಹೆಸರು. ಇಂಗ್ಲಿಷಿನಲ್ಲಿ ಬರೆಯುವಾಗ ಅದು 'ದುರ್ಗಾ ಟೆಂಪಲ್' ಆಯಿತು. ಆ ಲಿಪಿಯಲ್ಲಿ ದುರ್ಗಕ್ಕೂ ದುರ್ಗೆಗೂ ಭೇದವಿಲ್ಲ, ಕೋಟೆಯು ದೇವಿಯಾಗಿಬಿಟ್ಟಿತು. ಪ್ರದಕ್ಷಿಣಪಥದಲ್ಲಿ ಮಹಿಷಮರ್ದಿನಿಯ ಸೊಗಸಾದ ಶಿಲ್ಪವಿರುವುದು ಈ ಭ್ರಮೆಗೆ ಇನ್ನಷ್ಟು ಇಂಬುಕೊಟ್ಟಿತು. ಗುಡಿಯ ಮೂಲದೇವತೆ ಸೂರ್ಯನೆಂದು ಹಲವು ವಿದ್ವಾಂಸರ ಮತ. ಇಷ್ಟಕ್ಕೆಲ್ಲ ಪರಿಹಾರ 'ದ' ಎಂಬ ಒಂದು ಅಕ್ಷರದಲ್ಲಿತ್ತು. ದೇವಿಯ ಗುಡಿಯಾಗಿದ್ದರೆ ಜನ 'ದುರ್ಗೆಯ ಗುಡಿ' ಎನ್ನುತ್ತಿದ್ದರು, 'ದುರ್ಗದ ಗುಡಿ' ಎನ್ನುತ್ತಿರಲಿಲ್ಲ. ವ್ಯಾಕರಣವನ್ನು ಒಣ ವಿಷಯವೆನ್ನುವವರು ಐಹೊಳೆಗೆ ಒಮ್ಮೆ ಹೋಗಿ ಬರಬೇಕು.

ಇಷ್ಟರವರೆಗಿನ ತಪ್ಪುಗಳಿಂದ ಯಾರ ಮನೆಯೂ ಮುರಿಯುವುದಿಲ್ಲ. ಪ್ರವಾಸಿಗೆ ಕೋಣೆಯ ಬದಲು ಇಡ್ಲಿ ಸಿಕ್ಕೀತು. ಆದರೆ ಮನೆಯನ್ನೇ ಮುಟ್ಟುವ ಶಬ್ದಗಳೂ ಇವೆ.

ಕೃಷ್ಣಾ ನದಿಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಲು 1964ರಲ್ಲಿ ಅಡಿಗಲ್ಲಿಟ್ಟರು. ಅದರ ಹಿನ್ನೀರು ಘಟಪ್ರಭೆಯ ಪಾತ್ರದಲ್ಲಿ ಹಿಂದೆ ಸರಿದು ಬಾಗಲಕೋಟೆಯ ಹಳೆಯ ಊರಿನವರೆಗೂ ಬಂದಿತು. ಮನೆ ಹೊಲಗಳು ಮುಳುಗಡೆಯಾದುವು, ನವನಗರ ಎದ್ದಿತು. ಆ ವರ್ಷಗಳಲ್ಲಿ ಜನರ ಬಾಯಲ್ಲಿ ನಿತ್ಯವೂ ಓಡಾಡಿದ ಇಂಗ್ಲಿಷ್ ಶಬ್ದ 'ಅವಾರ್ಡ್'. ಶಾಲೆಯ ಹುಡುಗನಿಗೆ ಅವಾರ್ಡ್ ಎಂದರೆ ಬಹುಮಾನ. ಹೊಲ ಕಳೆದುಕೊಂಡವನಿಗೆ ಇದೆಂಥ ಬಹುಮಾನ? 1894ರ ಭೂಸ್ವಾಧೀನ ಕಾಯಿದೆಯಲ್ಲಿ ಆ ಶಬ್ದಕ್ಕೆ ಬೇರೆ ಅರ್ಥವಿತ್ತು: ಇಷ್ಟು ನೆಲಕ್ಕೆ ಇಷ್ಟು ಹಣ, ಇಂಥವರಿಗೆ ಎಂದು ಅಧಿಕಾರಿ ಮಾಡುವ ನಿರ್ಣಯ. ಸರಕಾರದ ಕನ್ನಡದಲ್ಲಿ ಅದು 'ಐತೀರ್ಪು'. ಚೆನ್ನಾಗಿ ನೋಡಿ ವಿಚಾರಿಸಿ ಕೊಟ್ಟ ತೀರ್ಮಾನ ಎಂಬುದೇ ಅವಾರ್ಡಿನ ಮೊದಲ ಅರ್ಥ. ಪದಕ ಬಹುಮಾನಗಳ ಅರ್ಥ ಅದರ ಮೇಲೆ ಬೆಳೆದ ಕೊಂಬೆ.

ಇದಕ್ಕಿಂತ ಹೆಚ್ಚು ಬೆಲೆಯುಳ್ಳ ಮಾತು ಇನ್ನೊಂದಿತ್ತು. ಅದು 'ಪ್ರೊಟೆಸ್ಟ್'. ಪತ್ರಿಕೆ ಓದುವವನಿಗೆ ಅದು ಘೋಷಣೆ, ಮೆರವಣಿಗೆ, ರಸ್ತೆತಡೆ. ಆದರೆ ಸಾಕ್ಷಿ ಎಂಬ ಅರ್ಥದ ಲ್ಯಾಟಿನ್ ಶಬ್ದ ಅದರ ಒಡಲಲ್ಲಿದೆ. ಎಲ್ಲರೂ ಅರಿಯುವಂತೆ ಮನದ ಮಾತನ್ನು ಸಾರುವುದು ಅದರ ಹಳೆಯ ಅರ್ಥ. ಕಾಯಿದೆ ಹಿಡಿದುದು ಈ ಹಳೆಯದನ್ನು. ಪರಿಹಾರದ ಹಣವನ್ನು 'ಅಂಡರ್ ಪ್ರೊಟೆಸ್ಟ್' ಎಂದು, ಎಂದರೆ ಈ ಮೊತ್ತ ತನಗೆ ಒಪ್ಪಿಗೆಯಿಲ್ಲವೆಂದು ತಿಳಿಸಿ ಪಡೆದವನು, ಹೆಚ್ಚಿನ ಪರಿಹಾರಕ್ಕಾಗಿ ತನ್ನ ಪ್ರಕರಣವನ್ನು ನ್ಯಾಯಾಲಯಕ್ಕೆ ಕಳುಹಿಸೆಂದು ಕೇಳಬಹುದಿತ್ತು. ಹಾಗೆ ತಿಳಿಸದೆ ಪಡೆದವನಿಗೆ ಆ ಹಕ್ಕು ಇರಲಿಲ್ಲ. 'ನನಗೇಕೆ ಪ್ರೊಟೆಸ್ಟಿನ ಗೊಡವೆ, ನಾನು ಜಗಳಗಂಟನಲ್ಲ' ಎಂದುಕೊಳ್ಳುವ ಸಾಧು ಮನುಷ್ಯನೇ ಇಲ್ಲಿ ಕಳೆದುಕೊಳ್ಳುವವನು. 1984ರ ತಿದ್ದುಪಡಿ ನ್ಯಾಯಾಲಯಕ್ಕೆ ಹೋಗದವರಿಗೆ ಬೇರೊಂದು ದಾರಿಯನ್ನು ತೆರೆಯಿತು, ನಿಜ. ಆದರೆ ಅದು ನೆರೆಹೊಲದವನು ಹೂಡಿದ ವ್ಯಾಜ್ಯದ ಫಲಕ್ಕಾಗಿ ಕಾಯುವ ದಾರಿ. 2014ರ ಜನವರಿ 1ರಿಂದ ಹೊಸ ಕಾಯಿದೆ ಜಾರಿಗೆ ಬಂದಿದೆ. ಅದರಲ್ಲಿಯೂ ಈ ನಿಬಂಧನೆ ಹಾಗೆಯೇ ಉಳಿದಿದೆ.

ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಯೋಜನೆ ಇನ್ನೂ ಪೂರ್ಣಗೊಂಡಿಲ್ಲ. ಅದಕ್ಕೆ ಬೇಕಾದ ನೆಲದ ಬಹುಪಾಲು ರೈತರದು. ಮುದ್ರೆಯೊತ್ತಿದ ಕಾಗದ ಇನ್ನೂ ಎಷ್ಟೋ ಮನೆಗಳಿಗೆ ಬರಬೇಕಾಗಿದೆ. ಅಂಥ ಮನೆಗಳಲ್ಲಿ ಕಾಗದವನ್ನು ಬಿಡಿಸಿ, 'ಇದರಾಗ ಏನ ಬರದಾರ ಓದವ್ವಾ' ಎಂದು ಅಪ್ಪ ಮುಂದೆ ಹಿಡಿಯುವುದು, ಬಹುಮಟ್ಟಿಗೆ, ಪ್ರೌಢಶಾಲೆಗೆ ಹೋಗುವ ಮಗಳ ಕೈಗೆ.