ಕರುಳಿನ ಮಡಿ

ಕಳೆದ ಶ್ರಾವಣದಲ್ಲಿ ಬಂಧುಗಳ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದೆವು. ತಂಗಿಯ ಮಗಳು, ಹದಿನೈದರ ಹುಡುಗಿ, ಪ್ರಸಾದಕ್ಕೆ ಕೈಯೊಡ್ಡದೆ ದೂರದಿಂದಲೇ ನಮಸ್ಕರಿಸಿದಳು. ಸಪಾದ ಭಕ್ಷ್ಯ ರವೆಯದು, ರವೆ ಗೋಧಿಯದು, ಅವಳಿಗೆ ಸೀಲಿಯಾಕ್ ಕಾಯಿಲೆ. ಹಂಚುತ್ತಿದ್ದ ಹಿರಿಯರು ನಕ್ಕು, "ಇದೂ ಈಗಿನ ಫ್ಯಾಷನ್ನೇನಮ್ಮಾ? ದೇವರ ಪ್ರಸಾದ, ಚೂರು ಬಾಯಿಗೆ ಹಾಕ್ಕೋ, ಏನೂ ಆಗಲ್ಲ" ಎಂದರು. ಹಾಗೆಂದವರು ಮಡಿಯಲ್ಲಿದ್ದರು. ಅವರ ಪಂಚೆಗೆ ತಾಗದಿರಿ ಎಂದು ಮಕ್ಕಳನ್ನೆಲ್ಲ ಗದರಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ.

ಫ್ಯಾಷನ್ ಇರುವುದು ನಿಜ. ಅದು ಇವಳದಲ್ಲ, ಅಷ್ಟೆ. ಸೊಂಟ ಸಣ್ಣಗಾಗಲೆಂದು ಗೋಧಿ ಬಿಟ್ಟವರಿದ್ದಾರೆ, ಗೋಧಿಯೇ ವಿಷವೆಂದು ಮೊಬೈಲಿನಲ್ಲಿ ಪ್ರವಚನ ಕೊಡುವವರಿದ್ದಾರೆ. ಅವರ ಜೊತೆ ವಾದಕ್ಕಿಳಿಯುವಷ್ಟು ಬಿಡುವು ನನಗಿಲ್ಲ. ಆದರೆ ಅವರಿಂದಾಗುವ ಒಂದು ಹಾನಿಯನ್ನು ಹೇಳಲೇಬೇಕು. ಈ ಕಾಯಿಲೆ ಪತ್ತೆ ಮಾಡಲು ರಕ್ತದಲ್ಲಿ ಟಿಟಿಜಿ ಎಂಬ ಪ್ರತಿಕಾಯವನ್ನು ನೋಡುತ್ತಾರೆ, ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣ ಕರುಳಿನ ತುಣುಕು ತೆಗೆದು ಪರೀಕ್ಷಿಸುತ್ತಾರೆ. ಎರಡೂ ನಡೆಯುವಾಗ ರೋಗಿ ಗೋಧಿ ತಿನ್ನುತ್ತಿರಬೇಕು. ಯಾರದೋ ಉಪದೇಶ ಕೇಳಿ ತಿಂಗಳುಗಟ್ಟಲೆ ಮೊದಲೇ ಬಿಟ್ಟವರ ವರದಿ, ಕಾಯಿಲೆಯಿದ್ದೂ, ಏನೂ ಇಲ್ಲವೆಂದು ಬರಬಹುದು.

ಇನ್ನು ಆ 'ಚೂರು'. ಈ ಕಾಯಿಲೆ ಅಲರ್ಜಿಯಲ್ಲ, ಅಜೀರ್ಣವೂ ಅಲ್ಲ. ಸಣ್ಣ ಕರುಳಿನ ಒಳಗೋಡೆ ಮಖಮಲ್ಲಿನ ಹಾಗೆ. ಅದರ ನವಿರಾದ ಎಳೆಗಳೇ ಉಂಡದ್ದರ ಸಾರ ಹೀರುವುದು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಒಳಹೊಕ್ಕರೆ ಈ ರೋಗಿಗಳ ಮೈಯ ಕಾವಲು ವ್ಯವಸ್ಥೆಯೇ ತಿರುಗಿಬಿದ್ದು ಆ ಎಳೆಗಳನ್ನು ಸವೆಸಿ ಗೋಡೆಯನ್ನು ಬೋಳು ಮಾಡುತ್ತದೆ. ಆಮೇಲೆ ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ನಮ್ಮ ಹುಡುಗಿಗೆ ಹೊಟ್ಟೆನೋವೂ ಇರಲಿಲ್ಲ, ಭೇದಿಯೂ ಇರಲಿಲ್ಲ. ಎರಡು ವರ್ಷ ಕಬ್ಬಿಣದ ಮಾತ್ರೆ ನುಂಗಿದರೂ ರಕ್ತ ಏರಲಿಲ್ಲ, ಎತ್ತರ ನಿಂತುಹೋಯಿತು. ಶಕ್ತಿ ಬರಲೆಂದು ನಾವು ದಿನಕ್ಕೆರಡು ಲೋಟ ಮಾಲ್ಟ್ ಪುಡಿಯ ಹಾಲು ಕುಡಿಸುತ್ತಿದ್ದೆವು. ಆ ಡಬ್ಬಿಯಲ್ಲಿದ್ದದ್ದು ಗೋಧಿ ಮತ್ತು ಬಾರ್ಲಿ.

ಎಷ್ಟಾದರೆ ಹೆಚ್ಚು? ದಿನಕ್ಕೆ 50 ಮಿಲಿಗ್ರಾಂ ಗ್ಲುಟೆನನ್ನು ಮೂರು ತಿಂಗಳು ಕೊಟ್ಟಾಗ ರೋಗಿಗಳ ಕರುಳು ಕೆಟ್ಟದ್ದು ಪ್ರಯೋಗದಲ್ಲೇ ಕಂಡಿದೆ. ಸುಮಾರು ಅರ್ಧ ಗ್ರಾಂ ಗೋಧಿಹಿಟ್ಟಿನಲ್ಲಿ ಅಷ್ಟಿರುತ್ತದೆ. ಅಂದರೆ ಒಂದು ಚಿಟಿಕೆ. ಗ್ಲುಟೆನ್ ರಹಿತ ಎಂದು ಮುದ್ರಿಸುವ ಪೊಟ್ಟಣದಲ್ಲಿ ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲೂ ಇದೆ. ಪೂಜೆಯ ಮನೆಯವರ 'ಚೂರು' ಈ ಲೆಕ್ಕದಲ್ಲಿ ಒಂದು ಗುಡ್ಡ.

ನನಗೆ ಸಿಟ್ಟು ಬರುವುದು ಇಲ್ಲಿ. ಇದು ಅರ್ಥವಾಗದ ಸಮಾಜ ನಮ್ಮದಲ್ಲ. ಅನ್ನ ಮುಟ್ಟಿದ ಕೈಯಲ್ಲಿ ಉಪ್ಪಿನಕಾಯಿ ಜಾಡಿ ಮುಟ್ಟಿದರೆ ನನ್ನಜ್ಜಿ "ಮುಸುರೆ!" ಎಂದು ಒಳಮನೆಯಿಂದಲೇ ಕೂಗುತ್ತಿದ್ದಳು. ಮುಸುರೆಯ ಪಾತ್ರೆ ಬೇರೆ, ಹಾಲಿನ ಪಾತ್ರೆ ಬೇರೆ, ಒಂದರ ಸೌಟು ಇನ್ನೊಂದಕ್ಕೆ ಬೀಳುವಂತಿಲ್ಲ. ಎಂಜಲು, ಮುಸುರೆ, ಮೈಲಿಗೆ, ಮಡಿ ಎಂದು ತಾಗುವುದರಲ್ಲೇ ಇಷ್ಟು ಬಗೆ ಕಂಡವರು ನಾವು. ಏಕಾದಶಿಯ ದಿನ ಅನ್ನ ಒಲ್ಲೆ ಎಂದವರನ್ನು ಯಾರೂ ಒತ್ತಾಯಿಸುವುದಿಲ್ಲ, ಅಯ್ಯಪ್ಪನ ಮಾಲೆ ಹಾಕಿದವರಿಗೆ ತಟ್ಟೆ ಲೋಟ ಬೇರೆ ಇಡುತ್ತೇವೆ, ಈರುಳ್ಳಿ ತಿನ್ನದವರಿಗೆಂದು ಮದುವೆಮನೆಯಲ್ಲಿ ಬೇರೆ ಒಲೆ ಹೊತ್ತಿಸುತ್ತೇವೆ. ಕಣ್ಣಿಗೆ ಕಾಣದ ಸೋಂಕಿಗೆ ಇಷ್ಟೆಲ್ಲ ಏರ್ಪಾಡು ಮಾಡುವ ನಾವು, ಸೂಕ್ಷ್ಮದರ್ಶಕದಲ್ಲಿ ಕಾಣುವ ಗಾಯದ ಮುಂದೆ ಮಾತ್ರ ಉದಾರಿಗಳಾಗಿ "ಏನೂ ಆಗಲ್ಲ" ಎನ್ನುತ್ತೇವೆ. ದೇವರಿಗಾಗಿ ಬಿಟ್ಟರೆ ವ್ರತ, ಜಾತಿಗಾಗಿ ಬಿಟ್ಟರೆ ಆಚಾರ, ಕರುಳಿಗಾಗಿ ಬಿಟ್ಟರೆ ನಖರ!

ಇದನ್ನು ಗೆಳೆಯರೊಬ್ಬರ ಮುಂದೆ ಹೇಳಿದಾಗ ಅವರು ತಡೆದರು. "ಮಡಿಯ ಮಾತು ತರಬೇಡಿ, ನಮ್ಮಪ್ಪನಿಗೆ ಹೋಟೆಲಿನ ಹೊರಗೆ ನಿಲ್ಲಿಸಿ ಬೇರೆ ಲೋಟದಲ್ಲಿ ಚಹಾ ಕೊಡುತ್ತಿದ್ದರು. ಬೇರೆ ಲೋಟ ಎಂದರೆ ನನಗೆ ಮೊದಲು ನೆನಪಾಗುವುದು ಅದು." ಈ ಮಾತಿಗೆ ನಾನು ತಲೆಬಾಗುತ್ತೇನೆ. ಆ ಲೋಟ ಒಬ್ಬನನ್ನು ಕೀಳೆಂದು ಹೊರಗಿಡಲು ಇದ್ದದ್ದು, ಈ ಸೌಟು ಒಬ್ಬಳನ್ನು ಪಂಕ್ತಿಯೊಳಗೆ ಕೂರಿಸಲು ಬೇಕಾದದ್ದು ಎಂದು ನಾನು ಸಮಜಾಯಿಷಿ ಕೊಡಬಲ್ಲೆ. ಆದರೆ ಬೇರೆ ಪಾತ್ರೆಯಲ್ಲಿ ಉಣ್ಣುವ ಮಗುವಿಗೆ ಆಗುವ ಮುಜುಗರವನ್ನು ಈ ತರ್ಕ ತೊಳೆಯುವುದಿಲ್ಲ. ಹಾಗಾಗಿ ಮಡಿಯ ತತ್ತ್ವ ನನಗೆ ಬೇಡ, ಅದರ ಕೈಚಳಕ ಮಾತ್ರ ಬೇಕು.

ಆ ಕೈಚಳಕ ಇನ್ನೂ ಉಳಿದಿರುವ ಜಾಗ ಹಿಟ್ಟಿನ ಗಿರಣಿ. ರಾಗಿಯಲ್ಲಿ ಗ್ಲುಟೆನ್ ಇಲ್ಲ, ಜೋಳದಲ್ಲಿಲ್ಲ, ಅಕ್ಕಿಯಲ್ಲಿಲ್ಲ. ಮುದ್ದೆ, ರೊಟ್ಟಿ, ಇಡ್ಲಿಯ ನಾಡಿನಲ್ಲಿ ಇವಳಿಗೇನು ಕೊರತೆ ಎಂದುಕೊಂಡಿದ್ದೆವು. ರಾಗಿ ಹಿಟ್ಟಿಗೆ ಹಿಂದಿನ ಸರದಿಯ ಗೋಧಿ ಬೆರೆತಿರುತ್ತದೆಂದು ತಿಳಿಯಲು ಆರು ತಿಂಗಳು ಹಿಡಿಯಿತು. ಗಿರಣಿಯವನಿಗೆ ಹೇಳಿದರೆ ಅವನು ಕಕ್ಕಾಬಿಕ್ಕಿಯಾಗಲಿಲ್ಲ. "ಅಕ್ಕಿ ಮೇಲೆ ಅಕ್ಕಿನೇ ಹಾಕು, ಖಾರದಪುಡಿ ಮೇಲೆ ಹಾಕಬೇಡ ಅಂತ ಹೆಂಗಸರು ದಿನಾ ಹೇಳ್ತಾರಲ್ಲ ಸಾರ್, ಇದೂ ಹಂಗೇ" ಎಂದ. ಆದರೂ ಗೋಧಿಯ ಧೂಳು ಅಲ್ಲಿ ಗಾಳಿಯಲ್ಲೇ ಇದೆ. ಕೊನೆಗೆ ಮನೆಗೇ ಒಂದು ಪುಟ್ಟ ಹಿಟ್ಟಿನ ಯಂತ್ರ ಬಂತು. ಎಲ್ಲರಿಗೂ ಅದು ಕೈಗೆಟಕುವುದಿಲ್ಲವೆಂದು ಬಲ್ಲೆ. ಇನ್ನು ಇಂಗು: ಅಂಗಡಿಯ ಇಂಗಿಗೆ ಅನೇಕ ಸಲ ಮೈದಾ ಬೆರೆಸಿರುತ್ತಾರೆ. ಎಂದರೆ ಸಾರು, ಹುಳಿ, ಪುಳಿಯೋಗರೆ, ಒಗ್ಗರಣೆ ಬಿದ್ದ ಮಜ್ಜಿಗೆ ಯಾವುದನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ.

ಇದು ಪಂಜಾಬಿನವರ ಕಾಯಿಲೆ, ನಮ್ಮದಲ್ಲ ಎನ್ನುವವರ ಮಾತಿನಲ್ಲಿ ಹುರುಳಿದೆ. 2016ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ ಉತ್ತರ ಭಾರತದಲ್ಲಿ ನೂರಕ್ಕೆ 1.23 ಮಂದಿಯ, ದಕ್ಷಿಣದಲ್ಲಿ 0.10 ಮಂದಿಯ ರಕ್ತದಲ್ಲಿ ಸೀಲಿಯಾಕಿನ ಪ್ರತಿಕಾಯ ಕಂಡಿತು. ಆದರೆ ಈ ಕಾಯಿಲೆಗೆ ದಾರಿ ಮಾಡಿಕೊಡುವ ಜೀನು ಉತ್ತರದ 38 ಪ್ರತಿಶತ ಜನರಲ್ಲಿದ್ದರೆ ದಕ್ಷಿಣದ 36 ಪ್ರತಿಶತ ಜನರಲ್ಲಿತ್ತು. ವ್ಯತ್ಯಾಸವಿದ್ದದ್ದು ತಟ್ಟೆಯಲ್ಲಿ: ಅಲ್ಲಿ ದಿನಕ್ಕೆ 455 ಗ್ರಾಂ ಗೋಧಿ, ಇಲ್ಲಿ 25 ಗ್ರಾಂ. ಜೀನಿದ್ದವರಿಗೆಲ್ಲ ಕಾಯಿಲೆ ಬರುವುದಿಲ್ಲ, ನಿಜ. ಆದರೆ ಸಕ್ಕರೆ ಕಾಯಿಲೆಯ ಹೆಸರಿನಲ್ಲಿ ರಾತ್ರಿಯ ಅನ್ನದ ಜಾಗಕ್ಕೆ ಚಪಾತಿ ಬಂದು ಕೂತ ಮನೆಗಳನ್ನು ನಮ್ಮ ಬೀದಿಯಲ್ಲೇ ಎಣಿಸಿ ನೋಡಿ. ನಮ್ಮ 25 ಗ್ರಾಂ ಹಾಗೇ ಉಳಿದೀತೆಂದು ನನಗನ್ನಿಸುವುದಿಲ್ಲ.

ಮದ್ದು ಎಂದರೆ ಇವತ್ತಿಗೂ ಬಿಡುವುದೊಂದೇ. ಡಚ್ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆಗೆ ಎರಡನೇ ಮಹಾಯುದ್ಧಕ್ಕೆ ಮುಂಚೆಯೇ ಗೋಧಿಯ ಮೇಲೆ ಅನುಮಾನವಿತ್ತು. 1944-45ರ ಚಳಿಗಾಲದ ಬರದಲ್ಲಿ ಬ್ರೆಡ್ಡಿಲ್ಲದೆ ಊರೆಲ್ಲ ಸೊರಗುವಾಗ ಸೀಲಿಯಾಕ್ ಇದ್ದ ಮಕ್ಕಳು ಚೇತರಿಸಿಕೊಂಡವು, ಬ್ರೆಡ್ಡು ಮರಳಿದಾಗ ಮತ್ತೆ ಬಿದ್ದವು. 1950ರಲ್ಲಿ ಆತ ಅದನ್ನು ಪ್ರಬಂಧವಾಗಿ ಮಂಡಿಸಿದ. ಆಮೇಲಿನ ಇಷ್ಟು ವರ್ಷಗಳ ಸಂಶೋಧನೆ ಕಾರಣವನ್ನು ಬಿಡಿಸಿ ಹೇಳಿದೆ, ಆದರೆ ಮಾತ್ರೆ ಕೊಟ್ಟಿಲ್ಲ.

ಹುಡುಗಿ ಈಗ ಎರಡಂಗುಲ ಬೆಳೆದಿದ್ದಾಳೆ. ಮದುವೆಮನೆಗೆ ತನ್ನದೇ ಡಬ್ಬಿ ಒಯ್ದು ಪಂಕ್ತಿಯಲ್ಲೇ ಕೂರುತ್ತಾಳೆ. ಪಕ್ಕದ ಎಲೆಯವರು "ಏನಮ್ಮಾ, ಡಯಟ್ಟಾ?" ಎಂದರೆ ಹೂಂ ಎಂದುಬಿಡುತ್ತಾಳಂತೆ. ವಿವರಿಸುತ್ತಾ ಕೂತರೆ ಅನ್ನ ಆರಿಹೋಗುತ್ತದೆ ಎನ್ನುವುದು ಅವಳ ದೂರು.