ಉಳಿದ ಚೂರು ಎಲ್ಲಿ ಹೋತು?

ಬಹಳ ದಿನಗಳಿಂದ ತಲೆಯಲ್ಲಿ ಕೊರೀತಾ ಇದ್ದ ವಿಷಯ, ಇವತ್ತು ಬರೆದೇ ಬಿಡೋಣ ಅಂತ ಕೂತಿದ್ದೀನಿ. ಖಾರ ಸ್ವಲ್ಪ ಜಾಸ್ತಿ ಅನ್ನಿಸಬಹುದು. ನಮ್ಮ ಕಡೆ ಊಟಾನೇ ಹಾಗೆ, ಸುಧಾರಿಸಿಕೊಳ್ಳಿ :)

2023ರ ದೀಪಾವಳಿಗೆ ಊರಿಗೆ ಹೋಗಿದ್ದೆ. ಊರು ಅಂದ್ರೆ ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿ. ಆಗ ಒಂಬತ್ತನೇ ಕ್ಲಾಸಿನಲ್ಲಿದ್ದ ನಮ್ಮ ಕಾಕಾನ ಮಗಳು ನೋಟ್‌ಬುಕ್ ಹಿಡಕೊಂಡು ಬಂದಳು.

"ಅಣ್ಣಾ, ಒಂದನ್ನ ಮೂರರಿಂದ ಭಾಗಿಸಿದ್ರ 0.333... ಅಂತ ಹೊಂಟಬಿಡತೈತಿ. ಅದನ್ನ ಮತ್ತ ಮೂರರಿಂದ ಗುಣಿಸಿದ್ರ 0.999... ಬರತೈತಿ. ಒಂದು ಬರಬೇಕಿತ್ತಲ್ಲ, ಉಳಿದ ಚೂರು ಎಲ್ಲಿ ಹೋತು?"

"ಸರ್‌ಗೆ ಕೇಳಲಿಲ್ಲೇನು?"

"ಕೇಳಿದ್ನಿ. ಪರೀಕ್ಷಾದಾಗ ಬರಂಗಿಲ್ಲ, ಕುಂಡ್ರು ಅಂದ್ರು."

ತಮಾಷೆ ಏನು ಗೊತ್ತಾ? ಅವಳ ಗಣಿತ ಪುಸ್ತಕದ ಅಭ್ಯಾಸದಲ್ಲೇ ಈ 0.999...ರ ಲೆಕ್ಕ ಇದೆ. ಉತ್ತರ ನೋಡಿ ಆಶ್ಚರ್ಯ ಆದ್ರೆ ಶಿಕ್ಷಕರ ಜೊತೆ, ಗೆಳೆಯರ ಜೊತೆ ಚರ್ಚಿಸಿ ಅಂತ ಪುಸ್ತಕವೇ ಹೇಳುತ್ತೆ. ಚರ್ಚೆ ಮಾಡೋದು ಯಾರ ಜೊತೆ? ಆ ಮೇಷ್ಟ್ರನ್ನ ನಾನು ಬೈಯಲ್ಲ. ಮೂರು ಕ್ಲಾಸಿನ ಗಣಿತ ಒಬ್ಬರ ತಲೆ ಮೇಲೆ, ಮೇಲೆ ಎಸ್ಸೆಸ್ಸೆಲ್ಸಿ ರಿಸಲ್ಟಿನ ಕತ್ತಿ. ಆದರೆ ಅದೇ ಶಾಲೆಯಲ್ಲಿ ಪ್ರೊಜೆಕ್ಟರ್ ಇದೆ, "ಸ್ಮಾರ್ಟ್ ಕ್ಲಾಸ್" ಅಂತ ಬೋರ್ಡೂ ಇದೆ. ಅದರಲ್ಲಿ ಪಾಠದ ವಿಡಿಯೋ ಹಾಕ್ತಾರೆ. ವಿಡಿಯೋ ಮಾತಾಡುತ್ತೆ, ಮಕ್ಕಳು ಕೇಳ್ತಾರೆ, ಬೆಲ್ ಹೊಡೆಯುತ್ತೆ.

ನನ್ನ ಜಗಳ ಇರೋದೇ ಇಲ್ಲಿ. ನಮ್ಮ ನಾಡಿನಲ್ಲಿ ಇದು ಹಳೇ ಚಾಳಿ. 1975-76ರಲ್ಲಿ ಇಸ್ರೋ ಮತ್ತು ನಾಸಾ ಸೇರಿ ಆರು ರಾಜ್ಯಗಳ 2400 ಹಳ್ಳಿಗಳಿಗೆ ಉಪಗ್ರಹದಿಂದ ಟಿವಿ ತಲುಪಿಸಿದರು. ನಮ್ಮಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳು ಅದರಲ್ಲಿದ್ದವು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕಾಗಿಯೇ ಎಜುಸ್ಯಾಟ್ ಹಾರಿಸಿದರು. ಅದರಲ್ಲಿ ಎರಡೂ ಕಡೆಯಿಂದ ಮಾತಾಡೋ ವ್ಯವಸ್ಥೆ ಇತ್ತು! ಆದರೆ ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಬಂದದ್ದು ಬರೀ ಸ್ವೀಕರಿಸೋ ಡಿಶ್. ಕೊರೋನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ಪಾಠ ಬಂತು. ಇವೆಲ್ಲ ಬೇಕಿತ್ತು, ಇಲ್ಲ ಅನ್ನಲ್ಲ. ಆದರೆ ಸುಮಾರು ಐವತ್ತು ವರ್ಷದಿಂದ ಹಳ್ಳಿ ಮಗುವಿಗೆ ನಾವು ಕಿವಿ ಮಾತ್ರ ಕೊಟ್ಟಿದ್ದೇವೆ, ಬಾಯಿ ಕೊಟ್ಟಿಲ್ಲ.

ಕುಂದಗೋಳದ ಕಥೆ ನೆನಪಿಸಿಕೊಳ್ಳಿ. ಗಂಗೂಬಾಯಿ ಹಾನಗಲ್ ಚಿಕ್ಕವರಿದ್ದಾಗ ಧಾರವಾಡದ ಬೀದಿಯಲ್ಲಿ ಗ್ರಾಮೋಫೋನ್ ಕೇಳಲು ಓಡಿ ಹೋಗ್ತಿದ್ದರಂತೆ. ಗ್ರಾಮೋಫೋನ್ ಆಸೆ ಹುಟ್ಟಿಸ್ತು. ಆದರೆ ಕಲಿಯೋಕೆ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳದ ಸವಾಯಿ ಗಂಧರ್ವರ ಮುಂದೆ ಹೋಗಿ ಕೂರಬೇಕಾಯ್ತು. ತಪ್ಪು ಸ್ವರ ಹಚ್ಚಿದರೆ ತಡೆದು ತಿದ್ದೋರು ಎದುರಿಗಿರಬೇಕು. ರೆಕಾರ್ಡು ತಡೆಯಲ್ಲ, ನಮ್ಮ ಸ್ಮಾರ್ಟ್ ಕ್ಲಾಸೂ ತಡೆಯಲ್ಲ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಒಂದು ಭಾನುವಾರ ವಿಡಿಯೋ ಕಾಲ್ ಮಾಡಿದೆ. ತಂಗಿ, ಅವಳ ಗೆಳತಿ, ಅಣ್ಣಿಗೇರಿಯಲ್ಲಿರೋ ನಮ್ಮ ಅತ್ತಿ ಮಗ. ಅವನು "0.999... ಅಂದ್ರ ಒಂದಕ್ಕಿಂತ ಒಂಚೂರು ಕಮ್ಮಿ" ಅಂದ. ಗೆಳತಿ ಬಿಡಲಿಲ್ಲ, "ಹಂಗಾರ ಎರಡರ ನಡುವ ಇರೋ ಒಂದು ಸಂಖ್ಯೆ ಹೇಳು ನೋಡೂಣು" ಅಂದಳು. ಎರಡು ನಿಮಿಷ ಎಲ್ಲರೂ ಸುಮ್ಮನೆ. ಆಮೇಲೆ ಅವನೇ "ಸಿಗವಲ್ದು" ಅಂದ. ತಂಗಿ ಕಿರುಚಿದಳು, "ಹಂಗಾರ ಎರಡೂ ಒಂದ! ಉಳಿದ ಚೂರು ಇರಲೇ ಇಲ್ಲ!" ನಾನು ಆ ಒಂದು ಗಂಟೆಯಲ್ಲಿ ಆಡಿದ್ದು ಹತ್ತು ಮಾತು ಇರಬಹುದು. ಇಂಜಿನಿಯರಿಂಗಿನ ನಾಲ್ಕು ವರ್ಷದಲ್ಲಿ ಇಂಥ ಒಂದು ಗಂಟೆ ನನಗೆ ಸಿಕ್ಕಿರಲಿಲ್ಲ.

ಹಾಗಾಗಿ ನಾನು ಕೇಳೋದು ಇಷ್ಟೇ. ವಾರಕ್ಕೊಂದು ಗಂಟೆ. ಕಲಘಟಗಿ, ಕುಂದಗೋಳ, ನವಲಗುಂದ, ಅಣ್ಣಿಗೇರಿ ಕಡೆಯ ಬೇರೆ ಬೇರೆ ಹೈಸ್ಕೂಲಿನ ಐದಾರು ಮಕ್ಕಳು, ವಿಷಯ ಬಲ್ಲ ಒಬ್ಬರು. ಪ್ರಶ್ನೆ ಎರಡು ದಿನ ಮೊದಲೇ ಕಳಿಸಬೇಕು. ಮೊದಲು ಮಾತಾಡಬೇಕಾದವರು ಮಕ್ಕಳು. ಕ್ಯಾಮೆರಾ ಮುಖಕ್ಕಿಂತ ಹಾಳೆ ಮೇಲೆ ಇರಲಿ, ಯಾರು ಹೇಗೆ ಯೋಚಿಸ್ತಿದ್ದಾರೆ ಅಂತ ಉಳಿದವರಿಗೆ ಕಾಣಲಿ. ಇದು ಶಾಲೆಯಲ್ಲೇ, ಮೇಷ್ಟ್ರ ಎದುರಲ್ಲೇ ನಡೀಬೇಕು. ಮನೆಯ ಒಂದೇ ಫೋನು ಅಣ್ಣನ ಕೈಲಿರುತ್ತೆ, ತಂಗಿ ಕೈಗೆ ಬರಲ್ಲ. ಮಕ್ಕಳನ್ನ ಆರಿಸೋಕೆ ಮಾರ್ಕ್ಸ್ ಕಾರ್ಡ್ ಬೇಡ. "ಕುಂಡ್ರು" ಅನ್ನಿಸಿಕೊಂಡವರು ಯಾರು ಅಂತ ಕೇಳಿ, ಸಾಕು.

ಕೆಲವರು ಹೇಳ್ತಾರೆ, ಜಾಣ ಮಕ್ಕಳು ಹೇಗೋ ಮುಂದೆ ಬರ್ತಾರೆ, ಮೊದಲು ಹಿಂದುಳಿದವರನ್ನ ನೋಡಿ ಅಂತ. ಓದು ಬರೆಯೋಕೆ ಕಷ್ಟ ಪಡೋ ಮಗುವಿನ ಪಾಲು ಕಿತ್ತುಕೊಳ್ಳಿ ಅಂತ ನಾನು ಹೇಳ್ತಿಲ್ಲ. ಆದರೆ ಜಾಣ ಮಕ್ಕಳು ತಾವೇ ಮುಂದೆ ಬರ್ತಾರೆ ಅನ್ನೋದು ಶುದ್ಧ ಸುಳ್ಳು. ಮುಂದೆ ಬಂದವರನ್ನ ಮಾತ್ರ ನೋಡಿ ಹೇಳೋ ಮಾತದು. ಪ್ರಶ್ನೆ ಕೇಳೋದನ್ನೇ ಬಿಟ್ಟವರು ಲೆಕ್ಕಕ್ಕೇ ಸಿಗಲ್ಲ.

ಇನ್ನು ಕೆಲವರು "ನವೋದಯಕ್ಕೆ ಹಾಕಿ, ಧಾರವಾಡಕ್ಕೆ ಕಳಿಸಿ" ಅಂತಾರೆ. ಸೀಟು ಸಿಕ್ಕವರಿಗೆ ಸರಿ. ಆದರೆ ಜಾಣತನಕ್ಕೆ ಊರು ಬಿಡಿಸೋದೊಂದೇ ದಾರೀನಾ? ಎನ್.ಸಿ.ಇ.ಆರ್.ಟಿ. 1963ರಿಂದ ನಡೆಸ್ತಿದ್ದ ಪ್ರತಿಭಾ ಶೋಧ ಪರೀಕ್ಷೆ 2021ರಲ್ಲಿ ನಿಂತಿತು. ಅದು ಕೊಡ್ತಿದ್ದದ್ದೂ ವಿದ್ಯಾರ್ಥಿವೇತನ. ಹಣ ಬೇಕು ನಿಜ, ಆದರೆ ಹಣದ ಜೊತೆ ಜಗಳ ಆಡೋಕಾಗಲ್ಲ.

ನೆಟ್ ಸರಿ ಇಲ್ಲ ಅಂತೀರಾ? ನಮ್ಮ ಕಾಲ್ ಕೂಡ ಮೂರು ಸಲ ಕಟ್ ಆಯ್ತು. ಮೂರೂ ಸಲ ಮಕ್ಕಳೇ ತಿರುಗಿ ಹಚ್ಚಿದರು.

ಕೊನೇ ಮಾತು ನಮ್ಮಂಥ ಸಾಫ್ಟ್‌ವೇರ್ ಮಂದಿಗೆ. ದಿನಾ ಬೆಳಗಾದರೆ ಸಮುದ್ರದಾಚೆ ಕೂತವರ ಜೊತೆ ವಿಡಿಯೋದಲ್ಲಿ ಒಂದು ಬಗ್ ಬಗ್ಗೆ ಗಂಟೆಗಟ್ಟಲೆ ವಾದ ಮಾಡ್ತೀವಿ. ಅಲ್ಲಿ ಯಾರೂ "ಕುಂಡ್ರು" ಅನ್ನಲ್ಲ, ಅದಕ್ಕೇ ಕೆಲಸ ಸಾಗುತ್ತೆ. ಸ್ಕ್ರೀನ್ ಮೇಲೆ ಚರ್ಚೆ ಆಗುತ್ತೆ ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮೂರ ಶಾಲೆಗೆ ಇನ್ನೊಂದು ಪ್ರೊಜೆಕ್ಟರ್ ದಾನ ಮಾಡಿ, ಅದರ ಮೇಲೆ ಹೆಸರು ಬರೆಸಿ, ಫೋಟೋ ಹಾಕೋದು ಬಿಡೋಣ. ವಾರಕ್ಕೊಂದು ಗಂಟೆ ಕೊಡೋಣ.

ತಂಗಿಗೆ ಅಣ್ಣ ಸಿಕ್ಕ. ಅಣ್ಣ ಸಿಗದ ಹುಡುಗಿ ನೋಟ್‌ಬುಕ್ ಮುಚ್ಚಿ ಕುಂತಿರ್ತಾಳೆ.